ಅಂಬಾಸಿಡರ್‌ನ ಹಿಂದಿನ ಆಕ್ಸಲ್ ಗೇರ್ ಮನೆಯಲ್ಲೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ, ಪಾಂಡವಪುರ ಕಡೆ ಹಳೆ ಅಂಬಾಸಿಡರ್, ಜೀಪ್ ಇಟ್ಟುಕೊಂಡವರು ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್ ಒಳಗೆ ಎಂಜಿನ್ ಕಡೆಯಿಂದ ತಿರುಗುವ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ ಕ್ರೌನ್) ಬಗ್ಗೆ ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇವೆ. ಉತ್ತರಗಳು ಹೆಚ್ಚಾಗಿ 1489 ಸಿಸಿ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಮತ್ತು ಅದರ ಬ್ಯಾಂಜೊ ಆಕ್ಸಲ್‌ಗೆ ಸಂಬಂಧಿಸಿದವು. ಜೀಪಿನ ವಿಷಯ ಕೊನೆಯಲ್ಲಿದೆ.

## ಕೈ ಹಾಕುವ ಮುಂಚೆ

ಕ್ರೌನ್-ಪಿನಿಯನ್ ಬದಲಾಯಿಸಿದ್ರೆ ನಿಜವಾಗ್ಲೂ ಏನು ಸಿಗುತ್ತೆ?

ಒಂದೇ ವೇಗದಲ್ಲಿ ಎಂಜಿನ್ ಕಡಿಮೆ ಸುತ್ತುತ್ತದೆ, ಅಷ್ಟೇ. ಹಳೆ ಕಾರುಗಳನ್ನು 50-60ರ ವೇಗಕ್ಕೆ, ಗುಂಡಿ ರಸ್ತೆಗೆ, ಏಳು ಜನರ ಹೊರೆಗೆ ಲೆಕ್ಕ ಹಾಕಿ ಮಾಡಿದ್ದರು. ಅವನ್ನು ಈಗ ಬೆಂಗಳೂರು-ಮೈಸೂರು ಹೈವೇಗೆ ಬಿಟ್ಟರೆ ಎಂಜಿನ್ ಕೂಗಾಡುತ್ತದೆ.

ಲೆಕ್ಕ ಸುಲಭ. ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ ಎನ್ನಿ. 80 ಕಿಮೀ ವೇಗದಲ್ಲಿ ಚಕ್ರ ನಿಮಿಷಕ್ಕೆ 667 ಸುತ್ತು ತಿರುಗುತ್ತದೆ. ಟಾಪ್ ಗೇರಿನಲ್ಲಿ ಇದನ್ನು ಆಕ್ಸಲ್ ರೇಷಿಯೋದಿಂದ (ಕ್ರೌನಿನ ಹಲ್ಲಿನ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲಿನ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ) ಗುಣಿಸಿದರೆ ಎಂಜಿನ್ ಸುತ್ತು ಸಿಗುತ್ತದೆ: 4.875 ಇದ್ದರೆ 3250, 4.555ಕ್ಕೆ 3040, 4.3ಕ್ಕೆ 2870, 3.909ಕ್ಕೆ 2610. ನಿಮ್ಮ ಟೈರಿನ ನಿಜವಾದ ಅಳತೆ ಬೇಕಿದ್ದರೆ ಟೈರ್ ಮೇಲೊಂದು, ನೆಲದ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು, ಕಾರನ್ನು ಒಂದು ಸುತ್ತು ತಳ್ಳಿ ಟೇಪು ಹಿಡಿಯಿರಿ.

ಸಿಕ್ಕಷ್ಟನ್ನೂ ಎಳೆತದಲ್ಲಿ ಕಳೆದುಕೊಳ್ಳುತ್ತೀರಿ. 4.875ರಿಂದ 4.3ಕ್ಕೆ ಹೋದರೆ ಪ್ರತಿ ಗೇರಿನಲ್ಲೂ ಎಳೆತ ಶೇ. 12 ಕಡಿಮೆ. 3.909ಕ್ಕೆ ಹೋದರೆ ಶೇ. 20.

ನನ್ನ ಕಾರಲ್ಲಿ ಯಾವ ರೇಷಿಯೋ ಇದೆ ಅಂತ ಬಿಚ್ಚದೇ ಹೇಗೆ ಗೊತ್ತಾಗುತ್ತೆ?

ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ; ಇನ್ನೊಂದು ನೆಲದ ಮೇಲೇ ಇರಲಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಡಬ್ಬಿಯಿಂದ ಹಿಂದಿನ ಆಕ್ಸಲ್ ಕಡೆ ಹೋಗುವ ಉದ್ದ ಶಾಫ್ಟ್) ಎಷ್ಟು ಸುತ್ತು ತಿರುಗಿತೋ ಅದೇ ರೇಷಿಯೋ. ಒಂದು ಚಕ್ರ ನಿಂತಿರುವಾಗ ಡಿಫರೆನ್ಷಿಯಲ್ (ಕ್ರೌನಿನ ತಿರುಗುವಿಕೆಯನ್ನು ಎರಡು ಚಕ್ರಕ್ಕೆ ಹಂಚುವ ಭಾಗ) ಅರ್ಧ ಮಾತ್ರ ತಿರುಗುವುದರಿಂದ ಎರಡು ಸುತ್ತು ಬೇಕು.

ಐದಕ್ಕೆ ಕೊಂಚ ಕಡಿಮೆ ಬಂದರೆ 8/39 ಹಲ್ಲು (ಪಿನಿಯನ್ನಿಗೆ 8, ಕ್ರೌನಿಗೆ 39), ನಾಲ್ಕೂವರೆ ದಾಟಿ ನಿಂತರೆ 9/41, ನಾಲ್ಕೂಕಾಲು ದಾಟಿದರೆ 10/43, ನಾಲ್ಕಕ್ಕೆ ಸ್ವಲ್ಪ ಕಡಿಮೆ ಇದ್ದರೆ 11/43. ಇವೆಲ್ಲ ಬಿಎಂಸಿ ಬಿ-ಸೀರೀಸ್ ಕುಟುಂಬದ ಆಕ್ಸಲ್‌ಗಳಲ್ಲಿ ಕಾಣುವ ಜೋಡಿಗಳು. ಮಾಡೆಲ್ ವರ್ಷ ನೋಡಿ ನಿರ್ಧರಿಸಬೇಡಿ. ಇಷ್ಟು ವರ್ಷದಲ್ಲಿ ಯಾರೋ ಒಬ್ಬರು ಬೇರೆ ಕ್ಯಾರಿಯರ್ (ಕ್ರೌನ್-ಪಿನಿಯನ್ ಕೂತಿರುವ ಎರಕದ ಭಾಗ) ಏರಿಸಿರುವ ಸಾಧ್ಯತೆ ಯಾವಾಗಲೂ ಇದ್ದೇ ಇದೆ.

4.3 ಹಾಕ್ಲಾ, 3.9 ಹಾಕ್ಲಾ?

1489 ಸಿಸಿ ಎಂಜಿನ್, ನಾಲ್ಕು ಗೇರ್ ಇದ್ದರೆ 4.3ಕ್ಕೆ ನಿಲ್ಲಿಸಿ. 3.909 ಹಾಕಿದ ಕಾರು ಶ್ರೀರಂಗಪಟ್ಟಣದವರೆಗೆ ಹಾಯಾಗಿ ಹೋಗುತ್ತದೆ. ಐದು ಜನ ಕೂತು ಚಾಮುಂಡಿ ಬೆಟ್ಟಕ್ಕೋ ಮೇಲುಕೋಟೆಗೋ ಹೊರಟಾಗ ಅದರ ಬಣ್ಣ ಬಯಲಾಗುತ್ತದೆ. ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಅರ್ಧ ಕ್ಲಚ್ಚಿನಲ್ಲೇ ಎಳೆಯಬೇಕಾಗುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. 1800 ಸಿಸಿ ಇಸುಜು ಎಂಜಿನ್ ಹಾಕಿಸಿಕೊಂಡವರು 3.9ರ ಬಗ್ಗೆ ಯೋಚಿಸಬಹುದು. ಆದರೆ ಆ ಎಂಜಿನ್ ಜೊತೆ ಐದು ಗೇರಿನ ಡಬ್ಬಿಯೂ ಬಂದಿದ್ದರೆ ಐದನೇ ಗೇರೇ ಆ ಕೆಲಸ ಮಾಡುತ್ತದೆ, ಆಕ್ಸಲ್ ಮುಟ್ಟುವ ಅಗತ್ಯವಿಲ್ಲ.

ಹಿಂದ್ಗಡೆಯಿಂದ ಗುಂಯ್ ಅನ್ನುತ್ತೆ. ಕ್ರೌನ್ ಹೋಗಿದೆ ಅಂತಾರೆ. ಬದಲಾಯಿಸ್ಲೇಬೇಕಾ?

ಮೊದಲು ಆಯಿಲ್ ಲೆವೆಲ್ ನೋಡಿ. ಅರ್ಧ ಖಾಲಿಯಾದ ಆಕ್ಸಲ್ ಕೂಗದೆ ಇನ್ನೇನು ಮಾಡೀತು.

ಆಯಿಲ್ ಸರಿಯಿದ್ದರೆ ಸೌಂಡ್ ಯಾವಾಗ ಬರುತ್ತದೆ ಎಂದು ಗಮನಿಸಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಬಂದರೆ, ಅದು ಹಲ್ಲಿನ ಸೌಂಡ್. ಒತ್ತಿದರೂ ಬಿಟ್ಟರೂ ಒಂದೇ ಸಮ, ಕಾರಿನ ವೇಗದ ಜೊತೆಗೆ ಏರಿಳಿದರೆ ಚಕ್ರದ ಬೇರಿಂಗ್ ಅಥವಾ ಟೈರ್. ಎಡಕ್ಕೆ ತಿರುಗಿಸುವಾಗ ಜೋರಾದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಡಾಂಬರಿನಿಂದ ಕಾಂಕ್ರೀಟಿಗೆ ಇಳಿದಾಗ ಸೌಂಡಿನ ಧಾಟಿ ಬದಲಾದರೆ ಅದು ಟೈರೇ. ಗೇರ್ ಹಾಕಿ ಕ್ಲಚ್ ಬಿಡುವಾಗ ಟಣ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಆಮೇಲೆ ಆಕ್ಸಲ್ ಶಾಫ್ಟಿನ ಸ್ಪ್ಲೈನ್ (ತುದಿಯಲ್ಲಿ ಕೊರೆದ ಉದ್ದುದ್ದ ಹಲ್ಲು), ಆಮೇಲೆ ಡಿಫರೆನ್ಷಿಯಲ್ ಒಳಗಿನ ವಾಷರ್: ಈ ಕ್ರಮದಲ್ಲಿ ಹುಡುಕಿ. ಕ್ರೌನ್ ಕೊನೆಗೆ.

ಆರ್‌ಟಿಓನವರು ತಕರಾರು ತೆಗೀತಾರಾ?

ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿಸ್ ನಂಬರ್, ಸಿಸಿ, ಇಂಧನ ಇತ್ಯಾದಿ ಇರುತ್ತವೆ; ಆಕ್ಸಲ್ ರೇಷಿಯೋ ಇರುವುದಿಲ್ಲ. ಎಂಜಿನ್ ಬದಲಿಸುವ ಕಥೆಯೇ ಬೇರೆ, ಅದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಅನುಮತಿ ಬೇಕು. 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಆಸೆಯಿದ್ದರೆ ಬಿಚ್ಚಿದ ಹಳೆ ಕ್ಯಾರಿಯರನ್ನು ಗುಜರಿಗೆ ಹಾಕಬೇಡಿ. ಗ್ರೀಸ್ ಸವರಿ, ಗೋಣಿ ಸುತ್ತಿ ಎತ್ತಿಡಿ.

## ಬಿಚ್ಚುವುದು, ಕೂರಿಸುವುದು

ಮನೆ ಮುಂದೇನೇ ಮಾಡ್ಕೊಬಹುದಾ?

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಎಲ್ಲರೂ ಒಂದೇ ಎಂದುಕೊಳ್ಳುತ್ತಾರೆ. ಬೇರೆ ಕಾರಿನಿಂದ ಬಂದ ಕ್ಯಾರಿಯರನ್ನು, ಸೆಟ್ಟಿಂಗ್ ಮುಟ್ಟದೆ ಇಡಿಯಾಗಿ ಏರಿಸುವುದು ಒಂದು. ಸ್ಪ್ಯಾನರ್ ಹಿಡಿದು ಗೊತ್ತಿರುವ ಯಾರಾದರೂ ವಾರಾಂತ್ಯದಲ್ಲಿ ಮುಗಿಸಬಹುದು. ಹಳೆ ಕ್ಯಾರಿಯರಿಗೆ ಹೊಸ ಕ್ರೌನ್-ಪಿನಿಯನ್ ಜೋಡಿ ಹಾಕುವುದು ಇನ್ನೊಂದು. ಅದಕ್ಕೆ ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಮೈಕ್ರೋಮೀಟರ್, ಟಾರ್ಕ್ ವ್ರೆಂಚ್, ತೂಕದ ಸ್ಪ್ರಿಂಗ್ ಕೊಕ್ಕೆ, ಬೇರಿಂಗ್ ಪುಲ್ಲರ್ ಮತ್ತು ಹೈಡ್ರಾಲಿಕ್ ಪ್ರೆಸ್ ಬೇಕು. ಪ್ರೆಸ್ ಒಂದನ್ನು ಬಿಟ್ಟು ಉಳಿದದ್ದು ಕೊಳ್ಳಬಹುದು, ಎರವಲೂ ತರಬಹುದು. ಪ್ರೆಸ್ ಕೆಲಸಕ್ಕೆ ಮಂಡ್ಯ ಸುತ್ತಲಿನ ಟ್ರ್ಯಾಕ್ಟರ್ ಗ್ಯಾರೇಜುಗಳಿಗೆ ಹೋಗಿ. ಕಬ್ಬಿನ ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳ ಕ್ರೌನ್ ಬಿಚ್ಚಿ ಅವರಿಗೆ ಅಭ್ಯಾಸವಿರುತ್ತದೆ.

ಡಯಲ್ ಗೇಜ್ ಇಲ್ಲದೆ "ಕೈಯಲ್ಲಿ ಪ್ಲೇ ನೋಡಿ ಸೆಟ್ ಮಾಡ್ತೀನಿ" ಅನ್ನುವವರ ಕೈಗೆ ಹೊಸ ಜೋಡಿ ಕೊಡಬೇಡಿ. ನೋಡಬೇಕಾದ ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲು, ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ. ಅಷ್ಟು ಸಣ್ಣ ಪ್ಲೇ ಬೆರಳಿಗೆ ಸಿಗುವುದಿಲ್ಲ.

ಕ್ಯಾರಿಯರ್ ಕೆಳಗಿಳಿಸೋ ಕ್ರಮ ಹೇಳಿ.

ಬ್ಯಾಂಜೊ ಆಕ್ಸಲ್‌ನಲ್ಲಿ ಆಕ್ಸಲ್ ಹೌಸಿಂಗ್ ಕಾರಿನಲ್ಲೇ ಇರುತ್ತದೆ. ಕ್ಯಾರಿಯರ್ ಮುಂಭಾಗದಿಂದ ಹೊರಬರುತ್ತದೆ.

1. ಸ್ವಲ್ಪ ದೂರ ಓಡಿಸಿ ಆಯಿಲ್ ಬಿಸಿಯಾದ ಮೇಲೆ ಡ್ರೈನ್ ಮಾಡಿ. ಅದಕ್ಕೂ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ ತೆಗೆಯಲು ಬರುತ್ತದೆಯೇ ನೋಡಿಕೊಳ್ಳಿ. ಕೆಳಗಿನದು ತೆಗೆದು ಮೇಲಿನದು ಜಾಮ್ ಆದರೆ ಕಾರು ಅಲ್ಲೇ ನಿಂತಿತು.
2. ಎರಡೂ ಕಡೆ ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ. ಯಾವ ಸೂಚನೆಯೂ ಇಲ್ಲದೆ ಒಡೆಯುತ್ತವೆ.
3. ಡ್ರಮ್ ತೆಗೆದು, ಆಕ್ಸಲ್ ಫ್ಲೇಂಜಿನ ಸ್ಕ್ರೂ ಬಿಚ್ಚಿ, ಶಾಫ್ಟನ್ನು ನೇರವಾಗಿ ಹೊರಗೆಳೆಯಿರಿ. ಹಬ್ಬಿನ ದೊಡ್ಡ ನಟ್ ಮುಟ್ಟುವ ಅಗತ್ಯವಿಲ್ಲ. ಮುಟ್ಟಲೇಬೇಕಾಗಿ ಬಂದರೆ ನೆನಪಿರಲಿ, ಈ ಆಕ್ಸಲ್‌ಗಳಲ್ಲಿ ಎಡಗಡೆಯದು ಉಲ್ಟಾ ಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.
4. ಪ್ರೊಪೆಲ್ಲರ್ ಶಾಫ್ಟ್ ಫ್ಲೇಂಜಿಗೂ ಪಿನಿಯನ್ ಫ್ಲೇಂಜಿಗೂ ಸೇರಿಸಿ ಒಂದು ಗುರುತು ಹೊಡೆದು ಬಿಚ್ಚಿ, ಪಕ್ಕಕ್ಕೆ ತಂತಿಯಿಂದ ಕಟ್ಟಿ.
5. ಕ್ಯಾರಿಯರ್ ಸುತ್ತಲಿನ ನಟ್ ತೆಗೆಯಿರಿ, ಮೇಲಿನ ಎರಡು ಮಾತ್ರ ತುದಿಯಲ್ಲಿ ಉಳಿಸಿ. ಕೆಳಗೆ ಟ್ರಾಲಿ ಜಾಕಿ, ಅದರ ಮೇಲೆ ಮರದ ತುಂಡು. ರಬ್ಬರ್ ಸುತ್ತಿಗೆಯಿಂದ ತಟ್ಟಿ ಗ್ಯಾಸ್ಕೆಟ್ ಬಿಡಿಸಿ, ಆಮೇಲೆ ಉಳಿದ ಎರಡು ನಟ್.

ಮಲಗಿಕೊಂಡು ಎದೆ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಅದು ಬರಿ ಎರಕದ ಕಬ್ಬಿಣ.

ಖಾಲಿಯಾದ ಹೌಸಿಂಗ್ ತಳದಲ್ಲಿ ಕಪ್ಪು ಗಸಿ ಕೂತಿರುತ್ತದೆ. ಬೆರಳಲ್ಲಿ ತೆಗೆದು ಬಿಳಿ ಕಾಗದಕ್ಕೆ ಸವರಿ ನೋಡಿ. ಬೂದಿಯಂಥ ನುಣುಪು ಪುಡಿ ಸಹಜ ಸವೆತ. ಮಿನುಗುವ ಚೂರು ಇದ್ದರೆ ಯಾವುದೋ ಬೇರಿಂಗೋ ಹಲ್ಲೋ ಒಡೆದಿದೆ. ಡೀಸೆಲ್ ಹಾಕಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ.

ಗುಜರಿಯಿಂದ ತರೋ ಕ್ಯಾರಿಯರ್ ಚೆನ್ನಾಗಿದೆಯೋ ಇಲ್ವೋ ಹೇಗೆ ನೋಡೋದು?

ಬೆಂಗಳೂರಿನ ಜೆ.ಸಿ. ರಸ್ತೆಗೋ ಚೆನ್ನೈನ ಪುದುಪೇಟೆಗೋ ಹೋಗುವವರು ಒಂದು ಟಾರ್ಚು, ಒಂದು ಹಳೆ ಬಟ್ಟೆ, ನಿಮ್ಮ ಆಕ್ಸಲ್ ಶಾಫ್ಟ್ ಒಂದನ್ನು ತೆಗೆದುಕೊಂಡು ಹೋಗಿ. ಶಾಫ್ಟಿನ ಸ್ಪ್ಲೈನ್ ಆ ಕ್ಯಾರಿಯರಿನ ಒಳಗೆ ಸಲೀಸಾಗಿ ಕೂರಬೇಕು, ಬೋಲ್ಟ್ ತೂತುಗಳ ವೃತ್ತ ಹೊಂದಬೇಕು.

ಹಲ್ಲು ಒರೆಸಿ, ಒಂದೊಂದಾಗಿ ತಿರುಗಿಸಿ ನೋಡಿ. ಹೊಳಪು ಒಂದೇ ಸಮ ಇದ್ದರೆ ಒಳ್ಳೆಯದು. ಚುಕ್ಕಿ ಚುಕ್ಕಿ ಗುಳಿ, ಉದ್ದುದ್ದ ಗೀರು, ತುದಿಯಲ್ಲಿ ಬ್ಲೇಡಿನಂಥ ಅಂಚು, ನೀಲಿ ಬಣ್ಣ: ಇವುಗಳಲ್ಲಿ ಒಂದು ಕಂಡರೂ ವಾಪಸ್ ಇಡಿ. ಫ್ಲೇಂಜ್ ಹಿಡಿದು ಮುಂದೆ ಹಿಂದೆ, ಮೇಲೆ ಕೆಳಗೆ ಅಲುಗಿಸಿ. ಪಿನಿಯನ್ ಒಂದಿಷ್ಟೂ ಅಲ್ಲಾಡಬಾರದು. ಮಳೆಯಲ್ಲಿ ಬಾಯ್ತೆರೆದು ಬಿದ್ದಿದ್ದ ಕ್ಯಾರಿಯರಿನ ಹಲ್ಲು ಉಜ್ಜಿ ಹೊಳಪು ಮಾಡಿರಬಹುದು, ಬೇರಿಂಗಿನ ತುಕ್ಕು ಉಜ್ಜಲು ಆಗುವುದಿಲ್ಲ. ಮೆಲ್ಲಗೆ ತಿರುಗಿಸಿದಾಗ ಕರಕರ ಎನ್ನುತ್ತದೆ.

ಕ್ರೌನ್ ಒಂದೇ ಹಾಕಿದ್ರೆ ಸಾಕಲ್ವಾ? ಪಿನಿಯನ್ ಚೆನ್ನಾಗೇ ಇದೆ.

ಸಾಲದು. ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಬೀಸುಕಲ್ಲಿನ ಮೇಲ್ಗಲ್ಲು ಕೆಳಗಲ್ಲಿನ ಹಾಗೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತದೆ. ನಂಬರ್ ಬೇರೆಯಾಗಿದ್ದರೆ ಹೊಸದಾದರೂ ಕೊಳ್ಳಬೇಡಿ.

## ಹೊಸ ಜೋಡಿಯ ಸೆಟ್ಟಿಂಗ್

ಪಿನಿಯನ್ ಎಷ್ಟು ಒಳಗೆ ಕೂರ್ಬೇಕು ಅಂತ ಹೇಗೆ ತೀರ್ಮಾನ ಮಾಡೋದು?

ಆಳವನ್ನು ನಿರ್ಧರಿಸುವುದು ಪಿನಿಯನ್ ತಲೆಯ ಹಿಂದಿನ ವಾಷರಿನ ದಪ್ಪ. ಹಳೆ ವಾಷರನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದುಕೊಳ್ಳಿ, ಅಲ್ಲಿಂದಲೇ ಶುರು ಮಾಡಿ. ಹಳೆ ಮತ್ತು ಹೊಸ ಪಿನಿಯನ್ನಿನ ತಲೆಯ ಮೇಲೆ +2, -3 ಎಂಬಂಥ ಅಂಕಿ ಕೊರೆದಿದ್ದರೆ ಅವುಗಳ ವ್ಯತ್ಯಾಸವನ್ನು ವಾಷರಿನಲ್ಲಿ ಸರಿದೂಗಿಸಬೇಕು. ಅಂಕಿ ಇಂಚಿನ ಸಾವಿರದ ಭಾಗದಲ್ಲಿದೆಯೋ ಮಿಲಿಮೀಟರಿನ ನೂರರ ಭಾಗದಲ್ಲಿದೆಯೋ, ಪ್ಲಸ್ ಎಂದರೆ ಯಾವ ದಿಕ್ಕು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಮ್ಯಾನ್ಯುಯಲ್ ನೋಡಿ. ಡಾನಾ ಆಕ್ಸಲ್‌ಗಳಲ್ಲಿ ಪ್ಲಸ್ ಎಂದರೆ ಪಿನಿಯನ್ ಕ್ರೌನಿನ ಮಧ್ಯದಿಂದ ದೂರ ಕೂರಬೇಕು, ಅಂದರೆ ಶಿಮ್ (ಅಳತೆ ಹೊಂದಿಸಲು ಹಾಕುವ ತೆಳು ವಾಷರ್) ತೆಳುವಾಗಬೇಕು. ಹಳೆಯದು 0, ಹೊಸದು +3 ಆದರೆ 0.003 ಇಂಚು, ಅಂದರೆ 0.076 ಮಿಮೀ ಕಡಿಮೆ.

ಇದು ಬರಿ ಆರಂಭ. ಕೊನೆಯ ಮಾತು ಹಲ್ಲಿನ ಗುರುತಿನದು. ಹಾಗಾಗಿ ಎರಡು ಮೂರು ಸಲ ಬಿಚ್ಚಿ ಹಾಕಬೇಕಾಗುತ್ತದೆ. ಪ್ರತಿ ಸಲ ಹೊಸ ಬೇರಿಂಗ್ ಪ್ರೆಸ್ ಮಾಡಿ ಕಿತ್ತರೆ ಅದು ಹಾಳಾಗುತ್ತದೆ. ಹಳೆ ಬೇರಿಂಗಿನ ಒಳಗಿನ ತೂತನ್ನು ಕೈಯಲ್ಲೇ ಜಾರುವಷ್ಟು ಗ್ರೈಂಡ್ ಮಾಡಿಸಿ ಪ್ರಯೋಗಕ್ಕೆಂದೇ ಇಟ್ಟುಕೊಳ್ಳಿ. ಆಳ ಖಚಿತವಾದ ಮೇಲೆ ಹೊಸದನ್ನು ಪ್ರೆಸ್ ಮಾಡಿ. ಪ್ರಯೋಗದ ಬೇರಿಂಗ್ ಹೊಸದರ ಮೇಕ್ ಮತ್ತು ನಂಬರಿನದ್ದೇ ಆಗಿರಲಿ, ಇಲ್ಲದಿದ್ದರೆ ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸ ಬಂದು ಮಾಡಿದ್ದೆಲ್ಲ ನೀರುಪಾಲು.

ಪ್ರೀಲೋಡ್ ಅಂದ್ರೇನು, ಮನೇಲಿ ಅಳಿಯೋದು ಹೇಗೆ?

ಪಿನಿಯನ್ನಿನ ಎರಡು ಟೇಪರ್ ಬೇರಿಂಗುಗಳನ್ನು ಒಂದಿಷ್ಟು ಬಿಗಿತದಲ್ಲಿಯೇ ಕೂರಿಸಬೇಕು. ಸಡಿಲವಾದರೆ ಲೋಡಿನಲ್ಲಿ ಪಿನಿಯನ್ ಹಿಂದೆ ಸರಿದು ಕೂಗುತ್ತದೆ, ಜಾಸ್ತಿಯಾದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಆಯಿಲ್ ಸೀಲ್ ಹಾಕದೆ, ಕ್ರೌನ್ ಇಲ್ಲದೆ ಅಳೆಯಿರಿ. ಫ್ಲೇಂಜಿಗೆ ದಾರ ಸುತ್ತಿ, ತೂಕದ ಕೊಕ್ಕೆಗೆ ಕಟ್ಟಿ ಒಂದೇ ಸಮ ಎಳೆಯಿರಿ. ತಿರುಗಲು ಶುರುವಾಗುವ ಜಗ್ಗು ಬೇಡ, ತಿರುಗುತ್ತಿರುವಾಗಿನ ತೂಕ ಓದಿ. ತೂಕವನ್ನು ದಾರ ಸುತ್ತಿದ ಜಾಗದ ತ್ರಿಜ್ಯದಿಂದ ಗುಣಿಸಿ. ಮ್ಯಾನ್ಯುಯಲ್ 14 ಕೆಜಿ-ಸೆಂಮೀ ಕೇಳಿದ್ದು, ತ್ರಿಜ್ಯ 4 ಸೆಂಮೀ ಇದ್ದರೆ ಕೊಕ್ಕೆ ಮೂರೂವರೆ ಕೆಜಿ ತೋರಿಸಬೇಕು. ಓಡಿದ ಬೇರಿಂಗನ್ನೇ ಮತ್ತೆ ಹಾಕುತ್ತಿದ್ದರೆ ಹೊಸದಕ್ಕೆ ಹೇಳಿದ್ದರ ಅರ್ಧ ಸಾಕು.

ಬಿ-ಸೀರೀಸ್ ಬ್ಯಾಂಜೊದಲ್ಲಿ ಬೇರಿಂಗುಗಳ ನಡುವೆ ಗಟ್ಟಿ ಸ್ಪೇಸರ್ ಮತ್ತು ಶಿಮ್ ಇರುತ್ತವೆ. ಶಿಮ್ ತೆಗೆದರೆ ಬಿಗಿತ ಹೆಚ್ಚುತ್ತದೆ, ನಟ್ ಮಾತ್ರ ಪ್ರತಿ ಸಲ ಪೂರ್ತಿ ಟಾರ್ಕಿಗೇ ಬಿಗಿಯಬೇಕು. ಬೇರೆ ಕಾರುಗಳಲ್ಲಿ ಕುಗ್ಗುವ ಸ್ಲೀವ್ ಇದ್ದರೆ ಅದಕ್ಕೆ ಒಂದೇ ಅವಕಾಶ. ಜಾಸ್ತಿ ಬಿಗಿದು ನಟ್ ಸಡಿಲಿಸಿ "ಸರಿಮಾಡುವುದು" ಅಲ್ಲಿ ನಡೆಯುವುದಿಲ್ಲ, ಹೊಸ ಸ್ಲೀವ್ ಬೇಕು.

ಕ್ರೌನ್ ಪ್ಲೇ ಎಷ್ಟು ಬಿಡ್ಬೇಕು?

ಕ್ರೌನ್ ಮೇಲೆ ಅಂಕಿ ಕೊರೆದಿದ್ದರೆ ಅದೇ. ಇಲ್ಲದಿದ್ದರೆ 0.13ರಿಂದ 0.18 ಮಿಮೀ. ಡಯಲ್ ಗೇಜಿನ ಕಡ್ಡಿ ಹಲ್ಲಿನ ಹೊರ ಅಂಚಿಗೆ, ಕ್ರೌನ್ ತಿರುಗುವ ದಿಕ್ಕಿಗೇ ನೇರವಾಗಿರಲಿ. ಪಿನಿಯನ್ ಅಲುಗದಂತೆ ಹಿಡಿದು ಕ್ರೌನನ್ನು ಆ ಕಡೆ ಈ ಕಡೆ ಮಾಡಿ. ನಾಲ್ಕು ಕಡೆ ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ 0.05 ಮಿಮೀಗಿಂತ ವ್ಯತ್ಯಾಸ ಬಂದರೆ ಕ್ರೌನ್ ಓರೆ ಕೂತಿದೆ. ಹೆಚ್ಚಿನ ಸಲ ಕಾರಣ ಕ್ರೌನ್ ಕೂರುವ ಮುಖದಲ್ಲಿ ಉಳಿದ ಕಸ ಅಥವಾ ಎದ್ದ ಬೋಲ್ಟ್ ಅಂಚು.

ಪ್ಲೇ ಬದಲಿಸಲು ಒಂದು ಪಕ್ಕದ ಶಿಮ್ ತೆಗೆದು ಅಷ್ಟನ್ನೇ ಇನ್ನೊಂದು ಪಕ್ಕಕ್ಕೆ ಹಾಕಿ. ಬರೀ ಒಂದು ಕಡೆ ತೆಗೆದರೆ ಪಕ್ಕದ ಬೇರಿಂಗಿನ ಬಿಗಿತ ಹೋಗುತ್ತದೆ. ಬೇರಿಂಗ್ ಕ್ಯಾಪುಗಳಿಗೆ ಬಿಚ್ಚುವ ಮುಂಚೆಯೇ ಪಂಚಿನಿಂದ ಎಡ-ಬಲ ಗುರುತು ಹೊಡೆದಿರಬೇಕು, ಅದಲು ಬದಲಾದರೆ ಬೇರಿಂಗ್ ಕಚ್ಚುತ್ತದೆ. ಕೆಲವು ಕ್ಯಾರಿಯರುಗಳಲ್ಲಿ ಪಕ್ಕಕ್ಕೆ ಬಾಲ್ ಬೇರಿಂಗ್ ಇದ್ದು ಒಂದು ಮುಖಕ್ಕೆ "ಥ್ರಸ್ಟ್" ಎಂದು ಕೊರೆದಿರುತ್ತದೆ. ಆ ಮುಖ ಹೊರಗೆ ಬರಬೇಕು.

ಹಲ್ಲಿನ ಮೇಲಿನ ಬಣ್ಣದ ಗುರುತು ಓದೋದು ಹೇಗೆ?

ಇಡೀ ಕೆಲಸದ ತೀರ್ಪು ಇಲ್ಲಿದೆ. ಕ್ರೌನಿನ ಐದಾರು ಹಲ್ಲಿನ ಎರಡೂ ಮುಖಕ್ಕೆ ಪ್ರಶ್ಯನ್ ಬ್ಲೂ ತೆಳ್ಳಗೆ ಹಚ್ಚಿ. ಸಿಗದಿದ್ದರೆ ಚಿತ್ರಕಾರರು ಬಳಸುವ ಆಯಿಲ್ ಕಲರ್ ಟ್ಯೂಬಿಗೆ ಚೂರು ಗ್ರೀಸ್ ಬೆರೆಸಿದರೂ ನಡೆಯುತ್ತದೆ. ಕ್ರೌನಿಗೆ ಮರದ ತುಂಡು ಒತ್ತಿ ತಡೆ ಕೊಡುತ್ತಾ ಪಿನಿಯನ್ ಫ್ಲೇಂಜನ್ನು ಎರಡೂ ದಿಕ್ಕಿಗೆ ತಿರುಗಿಸಿ. ತಡೆ ಇಲ್ಲದೆ ತಿರುಗಿಸಿದರೆ ಗುರುತು ಸುಳ್ಳು ಹೇಳುತ್ತದೆ.

ಗುರುತು ಹಲ್ಲಿನ ಎತ್ತರದ ನಡುವೆ, ಉದ್ದದಲ್ಲಿ ನಡುವೆ ಅಥವಾ ಒಳತುದಿಗೆ ಕೊಂಚ ಹತ್ತಿರ ಬಂದರೆ ಸರಿ. ಹಲ್ಲಿನ ನೆತ್ತಿಯ ಮೇಲೇ ಬಂದರೆ ಪಿನಿಯನ್ ದೂರವಿದೆ, ದಪ್ಪ ವಾಷರ್ ಹಾಕಿ ಒಳಗೆ ತನ್ನಿ. ಬುಡದಲ್ಲಿ ಬಂದರೆ ಪಿನಿಯನ್ ತೀರಾ ಒಳಗಿದೆ, ತೆಳು ವಾಷರ್. ಒಳತುದಿಗೆ ಓಡಿದ್ದರೆ ಪ್ಲೇ ಕಡಿಮೆ, ಹೊರತುದಿಗೆ ಓಡಿದ್ದರೆ ಜಾಸ್ತಿ. ಮೊದಲು ಎತ್ತರ ಸರಿಮಾಡಿ, ಆಮೇಲೆ ಉದ್ದ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದೆ ತಲೆ ಕೆಡುತ್ತದೆ. ಪ್ರತಿ ಗುರುತಿನ ಫೋಟೋ ತೆಗೆದು ಪಕ್ಕದಲ್ಲಿ ಶಿಮ್ ಅಳತೆ ಬರೆದಿಡಿ.

ಪ್ಲೇ ಅಂಕಿ ಸರಿಯಿದೆ, ಗುರುತು ಮಾತ್ರ ನೆತ್ತಿಯಲ್ಲಿದೆ ಎಂದರೆ "ಓಡ್ತಾ ಓಡ್ತಾ ಸರಿಹೋಗುತ್ತೆ" ಎನ್ನುವ ಮಾತು ನಂಬಬೇಡಿ. ಓಡುತ್ತಾ ಓಡುತ್ತಾ ಹಲ್ಲು ಹೋಗುತ್ತದೆ.

## ಓಡಿಸಲು ಶುರುಮಾಡಿದ ಮೇಲೆ

ಯಾವ ಆಯಿಲ್, ಎಷ್ಟು?

ಕ್ರೌನ್-ಪಿನಿಯನ್ನಿನದು ಹೈಪಾಯಿಡ್ ಹಲ್ಲು (ಪಿನಿಯನ್ ಕ್ರೌನಿನ ಮಧ್ಯದ ನೇರಕ್ಕಿರದೆ ಪಕ್ಕಕ್ಕೆ ಸರಿದಿರುವ ಬಗೆ), ಉರುಳುವುದರ ಜೊತೆಗೆ ಜಾರುತ್ತದೆ, ಮಾಮೂಲಿ ಗೇರ್ ಆಯಿಲ್ ತಡೆಯುವುದಿಲ್ಲ. ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಹಾಕಿ. ಸುಮಾರು ಒಂದೂಕಾಲು ಲೀಟರ್ ಹಿಡಿಯುತ್ತದೆ. ಕಾರು ಸಮತಟ್ಟಿನಲ್ಲಿರುವಾಗ ಲೆವೆಲ್ ತೂತಿನಿಂದ ಒಸರುವವರೆಗೆ ತುಂಬಿ. ಉಳಿದ ಆಯಿಲನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ, ಜಿಎಲ್-5ರ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಆಗಿಬರುವುದಿಲ್ಲ. ಕ್ಯಾರಿಯರ್ ಏರಿಸಿ ಆಯಿಲ್ ಹಾಕುವವರೆಗೆ ಸ್ಟೀರಿಂಗಿಗೆ "ಆಯಿಲ್ ಇಲ್ಲ" ಎಂದು ಚೀಟಿ ಕಟ್ಟಿರಿ. ಮನೆಯಲ್ಲಿ ಇನ್ನೊಬ್ಬರು ಕಾರು ತೆಗೆದರೆ ಗೇಟು ದಾಟುವಷ್ಟರಲ್ಲಿ ಹೊಸ ಹಲ್ಲಿನ ಕಥೆ ಮುಗಿಯುತ್ತದೆ.

ಮೊದಲ ದಿನವೇ ಹೈವೇಗೆ ಬಿಡಬಹುದಾ?

ಬೇಡ. ಹೊಸ ಹಲ್ಲು ಮೊದಲ ಕೆಲವು ಓಟದಲ್ಲಿ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ. ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಹಳೆ ರಸ್ತೆಯಲ್ಲಿ 50ರ ಆಸುಪಾಸಿನಲ್ಲಿ ಹೋಗಿ, ಆಕ್ಸಲ್ ಪೂರ್ತಿ ತಣ್ಣಗಾಗುವವರೆಗೆ ನಿಲ್ಲಿಸಿ, ವಾಪಸ್ ಬನ್ನಿ. ಇದೇ ರೀತಿ ಮೂರ್ನಾಲ್ಕು ಸಲ. ನಿಂತಾಗ ಕ್ಯಾರಿಯರ್ ಮೇಲೆ ಒಂದು ಹನಿ ನೀರು ಬಿಡಿ. ಮೆಲ್ಲಗೆ ಆರಿದರೆ ಸರಿ, ಚುರ್ ಎಂದು ಹಾರಿದರೆ ನೂರು ಡಿಗ್ರಿ ದಾಟಿದೆ, ಪ್ರೀಲೋಡ್ ಮತ್ತೆ ನೋಡಬೇಕು. 800 ಕಿಮೀವರೆಗೆ ಬೆಟ್ಟ, ಪೂರ್ತಿ ಲೋಡು, ಎಳೆಯುವುದು ಬೇಡ. ಆಮೇಲೆ ಆಯಿಲ್ ಬದಲಿಸಿ.

ಸ್ಪೀಡೋಮೀಟರ್ ತಪ್ಪು ತೋರಿಸುತ್ತಾ?

ಹೌದು, ಅದೂ ಅಪಾಯದ ಕಡೆಗೆ. ಮೀಟರಿನ ಕೇಬಲ್ ಗೇರ್‌ಬಾಕ್ಸಿನಿಂದ ಹೋಗುತ್ತದೆ, ಆಕ್ಸಲ್ ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. 4.875 ತೆಗೆದು 4.3 ಹಾಕಿದ ಕಾರು ನಿಜವಾಗಿ 100ರಲ್ಲಿ ಓಡುವಾಗ ಮುಳ್ಳು 88ರಲ್ಲಿ ನಿಂತಿರುತ್ತದೆ. ಹೈವೇಯ ಕ್ಯಾಮೆರಾ ನಿಮ್ಮ ಮುಳ್ಳು ನೋಡುವುದಿಲ್ಲ. ಫೋನಿನ ಜಿಪಿಎಸ್ ಜೊತೆ ಹೋಲಿಸಿ ಗಾಜಿನ ಮೇಲೆ ಗುರುತು ಹಾಕಿ, ಇಲ್ಲವೇ ಮೀಟರ್ ರಿಪೇರಿಯವರ ಹತ್ತಿರ ಹೊಂದಿಸಿಸಿ. ಕಿಲೋಮೀಟರ್ ಎಣಿಕೆಯೂ ಶೇ. 12 ಕಡಿಮೆ ಬರುವುದರಿಂದ ಮೈಲೇಜ್ ಲೆಕ್ಕ ಹಾಕುವಾಗ ಗಾಬರಿಯಾಗಬೇಡಿ.

ಹೊಸ ಸೀಲ್ ಹಾಕಿದ್ರೂ ಆಯಿಲ್ ಸೋರ್ತಿದೆ.

ಬ್ರೀದರ್ ತೂತು ಕಟ್ಟಿಕೊಂಡಿದೆಯೇ ನೋಡಿ. ಬಿಸಿಯಾದ ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ. ಕೆಸರು, ಬಣ್ಣ, ಅತಿಯಾಗಿ ಬಳಿದ ಸಿಲಿಕಾನ್ ಮೂರೂ ಅದನ್ನು ಮುಚ್ಚುತ್ತವೆ. ಅದು ಸರಿಯಿದ್ದರೆ ಫ್ಲೇಂಜಿನ ಮೇಲೆ ಹಳೆ ಸೀಲ್ ಕೊರೆದ ಗೀರನ್ನು ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಂಡರೆ ಲೇತಿನಲ್ಲಿ ತೆಳು ಸ್ಲೀವ್ ಹಾಕಿಸಬೇಕು. ಹಿಂದಿನ ಬ್ರೇಕ್ ಶೂ ಒದ್ದೆಯಾಗಿದ್ದರೆ ಅದು ಹಬ್ಬಿನ ಸೀಲ್, ಆ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ.

ಜೀಪಿಗೂ ಇದೇ ಕ್ರಮನಾ?

ಅಳತೆಯ ತತ್ವ ಒಂದೇ, ಬಿಚ್ಚುವ ಕೆಲಸ ಬೇರೆ. ಜೀಪಿನ ಡಾನಾ ಆಕ್ಸಲ್‌ನಲ್ಲಿ ಕ್ಯಾರಿಯರ್ ಇಡಿಯಾಗಿ ಕಳಚುವುದಿಲ್ಲ. ಹಿಂದಿನ ಮುಚ್ಚಳ ತೆಗೆದು ಹೌಸಿಂಗ್ ಒಳಗೇ ಸೆಟ್ ಮಾಡಬೇಕು. ಹಾಗಾಗಿ ಗುಜರಿಯಿಂದ ಕ್ಯಾರಿಯರ್ ತಂದು ಏರಿಸುವ ಸುಲಭದ ದಾರಿ ಇಲ್ಲಿಲ್ಲ. ಡಾನಾ 44ರಲ್ಲಿ ಇನ್ನೊಂದು ತೊಡಕು: 3.73 ಮತ್ತು ಅದಕ್ಕಿಂತ ಕೆಳಗಿನ ರೇಷಿಯೋಗೆ ಒಂದು ಡಿಫರೆನ್ಷಿಯಲ್ ಕೇಸ್, 3.92 ಮತ್ತು ಮೇಲಿನದಕ್ಕೆ ಇನ್ನೊಂದು.

ಹಳೆ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ 4.88 ಮತ್ತು 5.38 ಎರಡೂ ಇವೆ. ಫೋರ್-ವೀಲ್ ಜೀಪಿನಲ್ಲಿ ಹಿಂದೆ ಬದಲಿಸಿದರೆ ಮುಂದೆಯೂ ಅದೇ ರೇಷಿಯೋ ಹಾಕಲೇಬೇಕು. ಒಂದರಲ್ಲಿ 4.88, ಇನ್ನೊಂದರಲ್ಲಿ 5.38 ಇಟ್ಟುಕೊಂಡು ಗಟ್ಟಿ ರಸ್ತೆಯಲ್ಲಿ ಫೋರ್-ವೀಲ್ ಹಾಕಿದರೆ ಎರಡು ಆಕ್ಸಲ್ ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಮುಂದಿನ ಆಕ್ಸಲ್ ಮುಟ್ಟುವ ಬಜೆಟ್ ಇಲ್ಲದಿದ್ದರೆ ಹಿಂದಿನದನ್ನೂ ಹಾಗೇ ಬಿಡಿ.